ನವಾಬರದ್ದಲ್ಲದ ಕಾರು

ಯಶವಂತರಾಯರು ಕಾರು ಮಾರಲು ಹೊರಟದ್ದು ಹೆಂಡತಿಯ ಮೊಣಕಾಲಿನ ದೆಸೆಯಿಂದ. ಆದರೆ ಆ ಮಾತನ್ನು ಅವರು ಯಾರ ಮುಂದೆಯೂ ಆಡಲಿಲ್ಲ. ಹೆಂಡತಿಯ ಮುಂದಂತೂ ಆಡಲೇ ಇಲ್ಲ.

ಕಾರು ಇಂಗ್ಲೆಂಡಿನದು, ಹೆಸರು ಎಂಜಿಬಿ. ಎರಡೇ ಸೀಟು, ಮಡಚಿಡುವ ಬಟ್ಟೆಯ ಮಾಡು, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಕಡು ಹಸಿರು ಬಣ್ಣ. ಬೀದರ್ ಕಡೆಯ ಯಶವಂತರಾಯರು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದಾಗ ಸಿಕಂದರಾಬಾದಿನ ಒಬ್ಬ ಹಲ್ಲಿನ ಡಾಕ್ಟರರ ಶೆಡ್ಡಿನಲ್ಲಿ ಅದನ್ನು ಮೊದಲ ಸಲ ಕಂಡರು. ಆಗ ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಡಾಕ್ಟರರು ಕೋಳಿಯನ್ನು ಇಟ್ಟುಕೊಂಡು ಕಾರನ್ನು ಕೊಟ್ಟರು.

ಮುಂದೆ ಹಲವು ವರ್ಷ ಯಶವಂತರಾಯರ ರಜೆಯೆಲ್ಲ ಆ ಕಾರಿನ ಹೊಟ್ಟೆಯ ಕೆಳಗೇ ಕಳೆಯಿತು. ತುಕ್ಕು ಕೆರೆದರು, ತಗಡು ಬೆಸೆಸಿದರು, ಬಣ್ಣ ಹೊಡೆಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಹವ್ಯಾಸ ಎನ್ನಬಹುದಿತ್ತು. ಅವರು ಕಾರನ್ನು ಸುಧಾರಿಸಲೂ ಹೊರಟರು. ನಾಲ್ಕು ಗೇರಿದ್ದಲ್ಲಿ ಐದು ಗೇರು ಬಂದವು. ಹೈದರಾಬಾದಿನ ಮೇ ತಿಂಗಳಿಗೆಂದು ಮಾರುತಿ ಕಾರಿನ ಫ್ಯಾನು ಬಂತು. ಒಂದೇ ಬೆರಳಿನಲ್ಲಿ ತಿರುಗುವ ಸ್ಟಿಯರಿಂಗು, ಎದುರಿಗೆ ಬಂದವರು ಬೈದುಕೊಂಡು ಹೋಗುವಂಥ ಎಲ್‌ಇಡಿ ದೀಪ, ಮೊಬೈಲ್ ಚಾರ್ಜಿಗೆ ಒಂದು ತೂತು, ಎಲ್ಲ ಬಂದವು. ಇಷ್ಟಾದ ಮೇಲೆ ಕಾರು ಓಡಿತು, ಚೆನ್ನಾಗಿಯೇ ಓಡಿತು. ಪ್ರತಿ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಉಪ್ಪಲ್‌ನ ತಮ್ಮ ಅಪಾರ್ಟ್‌ಮೆಂಟಿನಿಂದ ಘಟ್ಕೇಸರದ ಕಡೆಗೆ ಅದರಲ್ಲಿ ಇಡ್ಲಿ ತಿನ್ನಲು ಹೋಗುತ್ತಿದ್ದರು. ಇಡ್ಲಿ ಉಪ್ಪಲ್‌ನಲ್ಲೂ ಸಿಗುತ್ತಿತ್ತು.

ತೊಂದರೆಯೆಂದರೆ ಆ ಕಾರಿನ ಸೀಟು ನೆಲದಿಂದ ಗೇಣೆತ್ತರದಲ್ಲಿತ್ತು. ಸುಭದ್ರಮ್ಮನವರ ಮೊಣಕಾಲು ಹಿಡಿದುಕೊಂಡ ಮೇಲೆ ಅದರಲ್ಲಿ ಕೂರುವುದೆಂದರೆ ಬಾವಿಗೆ ಇಳಿದಂತೆ, ಏಳುವುದೆಂದರೆ ತುಂಬಿದ ಕೊಡ ಸೇದಿದಂತೆ ಆಗತೊಡಗಿತು. ಅವರು ಬರುವುದನ್ನು ಬಿಟ್ಟರು. ಯಶವಂತರಾಯರು ಒಂದು ಭಾನುವಾರ ಒಬ್ಬರೇ ಹೋದರು, ಒಬ್ಬರೇ ಇಡ್ಲಿ ತಿಂದರು, ಮರಳಿ ಬಂದು ಕಾರಿಗೆ ಹೊದಿಕೆ ಹೊದಿಸಿ ಮೇಲೆ ಬಂದು, ಇದನ್ನು ಮಾರುವುದೇ ಸರಿ ಎಂದರು.

"ನನ್ನ ಸಲುವಾಗಿ ಮಾರಬ್ಯಾಡ್ರಿ," ಎಂದರು ಸುಭದ್ರಮ್ಮ.

"ನಿನ್ನ ಸಲುವಾಗಿ ಯಾರು ಮಾರ್ತಾರ? ಪಾರ್ಕಿಂಗಿನಾಗ ಜಾಗಾ ಸಾಲವಲ್ದು."

ಅವರ ಪಾರ್ಕಿಂಗಿನಲ್ಲಿ ಆ ಕಾರನ್ನು ಬಿಟ್ಟರೆ ಒಂದು ಸೈಕಲ್ಲೂ ಇರಲಿಲ್ಲ.

ಯಶವಂತರಾಯರು ಮೊಬೈಲಿನಲ್ಲಿ, "ಎಂಜಿಬಿ ಮಾರಾಟಕ್ಕಿದೆ. ಒಳ್ಳೆಯ ಸ್ಥಿತಿ. ಆಸಕ್ತರು ಕರೆ ಮಾಡಬಹುದು," ಎಂದು ಮೂರು ಭಾಷೆಗಳಲ್ಲಿ ಜಾಹೀರಾತು ಹಾಕಿದರು. ಹೈದರಾಬಾದಿನಲ್ಲಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣವನ್ನು ಎಲ್ಲರೂ ಎಂಜಿಬಿಎಸ್ ಎನ್ನುತ್ತಾರೆಂಬುದು ಅವರಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಮೊದಲ ಕರೆ ನಲ್ಗೊಂಡದ ಒಬ್ಬರಿಂದ ಬಂತು. ಒಳಗಿನ ಅಂಗಡಿಗಳೂ ಸೇರಿಯೋ ಅಥವಾ ಬಸ್ ನಿಲ್ಲುವ ಜಾಗ ಮಾತ್ರವೋ ಎಂದು ಅವರು ಕೇಳಿದರು. ಎರಡನೆಯವರು ಸಿಟ್ಟಿನಲ್ಲಿದ್ದರು. ಸಾರ್ವಜನಿಕರ ಆಸ್ತಿಯನ್ನು ಹೀಗೆ ಮಾರಲು ನೀವು ಯಾರು ಎಂದು ದಬಾಯಿಸಿದರು. ಯಶವಂತರಾಯರು ಇಬ್ಬರಿಗೂ ಕ್ಷಮೆ ಕೇಳಿ, ಜಾಹೀರಾತಿಗೆ "ಕಾರು" ಎಂಬ ಪದವನ್ನು ಸೇರಿಸಿದರು.

ಆಮೇಲೆ ಸೂರಜ್ ಎಂಬ ಮಂಗಳೂರಿನ ಹುಡುಗ ಬಂದ. ಸಾಫ್ಟ್‌ವೇರ್ ಕೆಲಸ, ಹಳೆಯ ಕಾರುಗಳ ಹುಚ್ಚು. ಹೊದಿಕೆ ತೆಗೆದ ಕೂಡಲೇ ಅವನ ಮುಖ ಅರಳಿತು. ಬಾನೆಟ್ ಎತ್ತಿದಾಗ ಬಾಡಲಾರಂಭಿಸಿತು.

"ಗೇರ್‌ಬಾಕ್ಸ್ ಒರಿಜಿನಲ್ ಅಲ್ವಾ ಅಂಕಲ್?"

"ಇಲ್ಲಪ್ಪ. ಅದಕ್ಕಿಂತ ಚಲೋದು ಹಾಕೀನಿ."

"ಫ್ಯಾನು?"

"ಅದೂ ಹಂಗ. ಚಲೋದು."

"ಸ್ಟಿಯರಿಂಗ್?"

"ಅದಂತೂ ಭಾಳ ಚಲೋದು. ನೀ ತಿರುಗಿಸಿ ನೋಡು, ಬೆಣ್ಣಿ!"

ಮಗನ ಅಂಕಪಟ್ಟಿ ತೋರಿಸುವ ಅಪ್ಪನಂತೆ ಯಶವಂತರಾಯರು ಒಂದೊಂದನ್ನೇ ತೋರಿಸುತ್ತಾ ಹೋದರು. ಸೂರಜ್ ಸಾವಿನ ಮನೆಗೆ ಬಂದವನಂತೆ ತಲೆಯಾಡಿಸುತ್ತಾ ಕೇಳಿದ. ಕೊನೆಗೆ, "ಪಾಪ, ಒಳ್ಳೆ ಕಾರು ಆಗಿತ್ತು," ಎಂದು ಹೇಳಿ ಹೊರಟುಹೋದ.

ಇದನ್ನೆಲ್ಲ ವಾಸುದೇವ ನೋಡುತ್ತಿದ್ದರು. ಇವರು ರಾಯರ ಜೊತೆಗೇ ಕಾರ್ಖಾನೆಯಲ್ಲಿದ್ದವರು, ಈಗ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಊರು ರಾಯಚೂರು. ಪರೋಪಕಾರಿ. ಅವರು ಉಪಕಾರ ಮಾಡದೆ ಬಿಟ್ಟ ಮನೆಗಳು ಮಾತ್ರ ಆ ಕಟ್ಟಡದಲ್ಲಿ ನೆಮ್ಮದಿಯಿಂದಿದ್ದವು.

"ರಾಯರ, ನಿಮಗ ಮಾರಾಕ ಬರಂಗಿಲ್ಲ," ಎಂದರು ವಾಸುದೇವ. "ಇದು ಹೈದರಾಬಾದು. ಇಲ್ಲಿ ಹಳೇ ಸಾಮಾನಕ್ಕ ಒಂದು ಕಥಿ ಬೇಕು. ಮುಂದಿನ ಗಿರಾಕಿ ಬಂದಾಗ ನೀವು ಸುಮ್ನಿರ್ರಿ."

ಮುಂದಿನ ಗಿರಾಕಿ ಬಂದದ್ದು ಸಂಜೆ. ಕೊರಳಲ್ಲಿ ದಪ್ಪ ಸರ ಹಾಕಿದ್ದ, ಜಮೀನು ವ್ಯವಹಾರದ ಮನುಷ್ಯ. ಸುಭದ್ರಮ್ಮ ಕೆಳಗೆ ಕಳಿಸಿದ್ದ ಮಿರ್ಚಿ ಬಜ್ಜಿಯನ್ನು ಯಶವಂತರಾಯರು ಆಗಷ್ಟೇ ಬಾಯಿಗೆ ಹಾಕಿಕೊಂಡಿದ್ದರು. ಇಷ್ಟು ಹಳೆಯ ಕಾರು ಮೊದಲು ಯಾರದಿತ್ತು ಎಂದು ಆತ ಕೇಳಿದ. ವಾಸುದೇವ ದನಿ ತಗ್ಗಿಸಿ, "ನವಾಬರದು," ಎಂದುಬಿಟ್ಟರು.

ಯಶವಂತರಾಯರಿಗೆ ಗಾಬರಿಯಾಯಿತು. ಇಲ್ಲ ಎನ್ನಲು ಬಾಯಿ ತೆರೆದರು. ಬಜ್ಜಿ ಬಾಣಲೆಯಿಂದ ಆಗ ತಾನೇ ಎದ್ದು ಬಂದಿತ್ತು. ಕಣ್ಣಲ್ಲಿ ನೀರು ತುಂಬಿ, ಮುಖ ಕೆಂಪಾಗಿ, ಮಾತು ಹೊರಡದೆ, ಅವರು ಎರಡೂ ಕೈ ಮೇಲೆತ್ತಿದರು.

"ನೋಡ್ರಿ, ನವಾಬರ ಹೆಸರು ತಗೊಂಡ್ರ ಇವತ್ತಿಗೂ ಇವರಿಗೆ ಅಳು ಬರತೈತಿ," ಎಂದರು ವಾಸುದೇವ.

ಆ ಗಿರಾಕಿ ಕಾರು ಕೊಳ್ಳಲಿಲ್ಲ. ಆದರೆ ನಾಲ್ಕು ದಿಕ್ಕಿನಿಂದ ಫೋಟೋ ಹೊಡೆದುಕೊಂಡು ಹೋದ. ಬಜ್ಜಿ ಗಂಟಲಿನಿಂದ ಇಳಿಯುವ ಹೊತ್ತಿಗೆ ಸುದ್ದಿ ಉಪ್ಪಲ್ ದಾಟಿತ್ತು.

ಮರುದಿನ ಬೆಳಿಗ್ಗೆ ಕಾವಲುಗಾರ ಉಳಿದ ಕಾರುಗಳನ್ನು ಬಿಟ್ಟು ಇದೊಂದನ್ನೇ ಒರೆಸುತ್ತಿದ್ದ. ಸಂಘದ ಅಧ್ಯಕ್ಷೆ ಪದ್ಮಜಮ್ಮ ಕಾರಿನ ಸುತ್ತ ಹಗ್ಗ ಕಟ್ಟಿಸಿ, ಈ ಕಡೆ ಕ್ರಿಕೆಟ್ ಆಡಕೂಡದೆಂದು ಮಕ್ಕಳಿಗೆ ತೆಲುಗಿನಲ್ಲಿ ತಾಕೀತು ಮಾಡಿದರು. ಇಷ್ಟು ದಿನ ಎಣ್ಣೆ ಸೋರುತ್ತದೆಂದು ಯಶವಂತರಾಯರಿಗೆ ನೋಟಿಸ್ ಕೊಡುತ್ತಿದ್ದವರೂ ಅವರೇ. ಈಗ ಆ ಎಣ್ಣೆಯ ಕಲೆಯನ್ನು ತೊಳೆಯುವುದು ಬೇಡ, ಹಾಗೇ ಇರಲಿ ಎಂದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಬಾನೆಟ್ ಮೇಲೆ ಒಂದು ಗುಲಾಬಿ ಇಟ್ಟು ಹೋಗಿದ್ದರು.

"ಅದು ಹಲ್ಲಿನ ಡಾಕ್ಟರರ ಕಾರ್ರಿ," ಎಂದು ಯಶವಂತರಾಯರು ಸಿಕ್ಕಸಿಕ್ಕವರಿಗೆ ಹೇಳಿದರು.

"ಹೌದಾ? ನವಾಬರಿಗೆ ಹಲ್ಲಿನ ಡಾಕ್ಟರ್ ಬೇರೆ ಇದ್ದರಾ!" ಎಂದು ಜನ ಇನ್ನಷ್ಟು ಬೆರಗಾದರು.

ಸತ್ಯಕ್ಕೆ ಇದೊಂದು ತೊಂದರೆ. ಸುಳ್ಳಿನ ಪಕ್ಕದಲ್ಲಿ ನಿಲ್ಲಿಸಿದರೆ ಅದು ಸುಳ್ಳಿನ ಬಂಧುವಿನಂತೆಯೇ ಕಾಣುತ್ತದೆ.

ಎರಡು ದಿನದಲ್ಲಿ ಸುಭದ್ರಮ್ಮನವರ ತಮ್ಮ ಬೂದೆಪ್ಪ ರಾಯಚೂರಿನಿಂದ ಬಂದಿಳಿದ. ಕಾಚಿಗೂಡದಲ್ಲಿ ರೈಲಿಳಿದವನು ಮನೆಗೆ ಬಂದು ನೀರು ಕುಡಿಯುವುದಕ್ಕೂ ಮೊದಲು ಬಾಗಿಲು ಮುಚ್ಚಿದ.

"ಮಾಮಾ, ಕಾರ್ ಮಾರಬ್ಯಾಡ. ಮೊದಲು ಸೀಟ್ ಬಿಚ್ಚಿ ನೋಡಬೇಕು."

"ಯಾಕೋ?"

"ನವಾಬರು ಮುತ್ತು ಎಲ್ಲಿ ಇಡ್ತಿದ್ರು ಅಂತಿ? ಬ್ಯಾಂಕಿನಾಗ? ಗಾದಿಯೊಳಗ!"

"ಬೂದೆಪ್ಪ, ಆ ಗಾದಿ ನಾನೇ ಹೊಲಿಸೀನಿ. ಕಾಚಿಗೂಡದ ಸೋಫಾ ಅಂಗಡಿಯಾಗ."

ಬೂದೆಪ್ಪ ಅಕ್ಕನತ್ತ ತಿರುಗಿ, ಭಾವ ಸುಳ್ಳು ಹೇಳುತ್ತಿದ್ದಾನೆಂದು ಕಣ್ಣಿನಲ್ಲೇ ತಿಳಿಸಿದ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಸುಭದ್ರಮ್ಮನವರ ಸ್ವೆಟರ್ ಹೆಣೆಯುವ ಕಡ್ಡಿ ಹಿಡಿದು ಕೆಳಗಿಳಿದ. ಅವನು ಸೀಟಿಗೆ ಕಡ್ಡಿ ಚುಚ್ಚಿ ಕಿವಿಗೊಟ್ಟು ಆಲಿಸುತ್ತಿರುವುದನ್ನು ಪದ್ಮಜಮ್ಮ ಬಾಲ್ಕನಿಯಿಂದ ನೋಡಿದರು. ಕಳ್ಳ ಕಳ್ಳ ಎಂದು ಕೂಗಿದರು. ಕಾವಲುಗಾರ ಓಡಿ ಬಂದ. ತಾನು ಮನೆಯವನೇ ಎಂದು ಬೂದೆಪ್ಪ ಕನ್ನಡದಲ್ಲಿ ವಿವರಿಸಿದ, ಯಾರಿಗೂ ತಿಳಿಯಲಿಲ್ಲ. ಯಶವಂತರಾಯರು ಲುಂಗಿಯಲ್ಲೇ ಇಳಿದು ಬಂದು ಬಿಡಿಸಿಕೊಂಡರು. ಸೀಟಿನ ತೂತಿನಿಂದ ಹಳದಿ ಸ್ಪಂಜು ಇಣುಕುತ್ತಿತ್ತು.

ಆ ಸಂಜೆಯೇ ಚಿತ್ರಾ ಎಂಬ ಅಧಿಕಾರಿ ಬಂದರು. ಹಳೆಯ ಕಾಲದ ವಸ್ತುಗಳನ್ನು ನೋಡಿಕೊಳ್ಳುವ ಯಾವುದೋ ಕಚೇರಿಯವರು. ಮೈಸೂರಿನವರು ಎಂದು ತಿಳಿದು ಸುಭದ್ರಮ್ಮ ಕಾಫಿ ಮಾಡಿದರು. ಆದರೆ ಚಿತ್ರಾ ಕಾಫಿ ಮುಟ್ಟಲಿಲ್ಲ.

"ಸರ್, ರಾಜಮನೆತನದ ವಸ್ತು ಮಾರ್ತಾ ಇದೀರಿ ಅಂತ ದೂರು ಬಂದಿದೆ. ಇದು ನವಾಬರ ಕಾರಂತೆ, ಹೌದಾ?"

ಯಶವಂತರಾಯರು ಸುತ್ತ ನೋಡಿದರು. ಹಗ್ಗದ ಆಚೆ ಇಡೀ ಅಪಾರ್ಟ್‌ಮೆಂಟೇ ನಿಂತಿತ್ತು. ಅವರು ಬಾನೆಟ್ ಎತ್ತಿದರು. ಸೂರಜ್‌ಗೆ ತೋರಿಸಿದ್ದನ್ನೇ ಮತ್ತೆ ತೋರಿಸಿದರು. ಈ ಸಲ ಮಾತ್ರ ದನಿಯಲ್ಲಿ ಹೆಮ್ಮೆಯಿರಲಿಲ್ಲ, ಪೊಲೀಸರೆದುರು ತಪ್ಪೊಪ್ಪಿಕೊಳ್ಳುವವನ ದನಿಯಿತ್ತು.

"ಈ ಫ್ಯಾನ್ ಮಾರುತಿದ್ರಿ. ಗೇರ್‌ಬಾಕ್ಸ್ ಜಪಾನಿನದು. ದೀಪ ಇಲ್ಲೇ ತಗೊಂಡೀನಿ, ಆಟೋನಗರದಾಗ. ಕನ್ನಡಿ ಯಾವುದೋ ಮೋಟಾರ್‌ಸೈಕಲ್ಲಿಂದು. ಗಾದಿ ಸೋಫಾ ಅಂಗಡಿದು."

"ಹಾಗಾದ್ರೆ ಇದರಲ್ಲಿ ಹಳೇದು ಅಂತ ಏನಿದೆ ಸರ್?"

ಯಶವಂತರಾಯರು ಈ ಪ್ರಶ್ನೆಯನ್ನು ಈವರೆಗೆ ತಮಗೆ ತಾವೇ ಕೇಳಿಕೊಂಡಿರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲನ್ನು ತೆರೆದು ಮುಚ್ಚಿದರು.

"ಈ ಸಪ್ಪಳ ಹಳೇದ್ರಿ," ಎಂದರು. "ಬಾಗಲಾ ಹಾಕಿದಾಗ ಬರೂ ಸಪ್ಪಳ. ಇದಕ್ಕ ನಾ ಕೈ ಹಚ್ಚಿಲ್ಲ."

ಚಿತ್ರಾ ತಾವೂ ಒಮ್ಮೆ ಬಾಗಿಲು ತೆಗೆದು ಹಾಕಿ ನೋಡಿದರು. ನಕ್ಕರು. ಆರಿ ಹೋಗಿದ್ದ ಕಾಫಿಯನ್ನು ಕುಡಿದು, ಸಪ್ಪಳವನ್ನು ಮಾರಲು ತಮ್ಮ ಕಚೇರಿಯ ಅಡ್ಡಿಯೇನೂ ಇಲ್ಲವೆಂದು ಹೇಳಿ ಹೋದರು.

ಪದ್ಮಜಮ್ಮ ಅಂದೇ ಹಗ್ಗ ಬಿಚ್ಚಿಸಿದರು. ಎಣ್ಣೆಯ ಕಲೆಯ ಬಗ್ಗೆ ಹೊಸ ನೋಟಿಸ್ ಬಂತು. ಬೂದೆಪ್ಪ ರಾತ್ರಿಯ ರೈಲಿಗೆ ಹೋಗುವುದಾಗಿ ಹೇಳಿದವನು, ಅಕ್ಕ ಹೋಳಿಗೆ ಮಾಡುತ್ತೇನೆಂದದ್ದಕ್ಕೆ ಉಳಿದುಕೊಂಡ. ಎಲ್ಲರಿಗಿಂತ ಹೆಚ್ಚು ನೊಂದವರು ವಾಸುದೇವ. "ಕಟ್ಟಿದ ಮನಿ ಕೆಡವಿದ್ರಿ, ರಾಯರ," ಎಂದು ಒಂದು ದಿನ ಪೂರ್ತಿ ಮಾತು ಬಿಟ್ಟರು.

ಸುದ್ದಿ ಹುಟ್ಟಿದಷ್ಟು ಬೇಗ ಸಾಯುವುದಿಲ್ಲ. ಮುಂದಿನ ವಾರ ಡಾಕ್ಟರ್ ಅಖ್ತರ್ ಹುಸೇನ್ ಎಂಬ ವೃದ್ಧರು ಮಲಕಪೇಟೆಯಿಂದ ಮೆಟ್ರೋ ಹಿಡಿದು ಬಂದರು. ತೆಳ್ಳಗಿನ ದೇಹ, ಮಾಸಿದ ಜರ್ಕಿನ್ನು, ಕೈಯಲ್ಲಿ ಒಂದು ಛತ್ರಿ. ಬಹಳ ವರ್ಷ ಕಲಬುರಗಿಯಲ್ಲಿ ಕಣ್ಣಿನ ದವಾಖಾನೆ ನಡೆಸಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು.

"ನವಾಬರ ಕಾರು ಅಂತ ಮೊಬೈಲಿನಾಗ ಫೋಟೋ ಬಂದಿತ್ತು," ಎಂದರು. "ನಮ್ಮ ಅಬ್ಬಾನ ಹತ್ರ ಹಿಂಥಾದ್ದೇ ಒಂದು ಇತ್ತು. ಒಂದ್ಸಲ ಕೂಡಬಹುದೇನ್ರಿ?"

ಯಶವಂತರಾಯರು ಬಾಗಿಲು ತೆರೆದರು. ಡಾಕ್ಟರರು ಛತ್ರಿಯನ್ನು ವಾಸುದೇವರ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು, ನಿಧಾನವಾಗಿ ಒಳಗಿಳಿದು ಕೂತರು. ಎದುರಿನ ಗಡಿಯಾರಗಳಂಥ ಮೀಟರುಗಳ ಮೇಲೆ ಕೈಯಾಡಿಸಿದರು. ಕಣ್ಣು ಮುಚ್ಚಿಕೊಂಡರು.

"ಇದೇ," ಎಂದರು. "ಇದೇ ನೋಡ್ರಿ. ಬೆಲಿ ಎಷ್ಟ ಹೇಳಿದ್ರೂ ನಾ ಒಪ್ಪೀನಿ."

ವಾಸುದೇವ ಛತ್ರಿಯ ತುದಿಯಿಂದ ಯಶವಂತರಾಯರ ಕಾಲು ಚುಚ್ಚಿದರು. ಬೂದೆಪ್ಪ ಹಿಂದಿನಿಂದ ಕೆಮ್ಮಿದ. ಬಾಯಲ್ಲಿ ಬಜ್ಜಿ ಇಲ್ಲದಿರುವಾಗಲೂ ಸುಮ್ಮನಿರಬಹುದೆಂದು ಇಬ್ಬರೂ ಸೂಚಿಸುತ್ತಿದ್ದರು. ಯಶವಂತರಾಯರು ಮೇಲೆ ನೋಡಿದರು. ಬಾಲ್ಕನಿಯಲ್ಲಿ ಸುಭದ್ರಮ್ಮ ಒಣಗಿದ ಬಟ್ಟೆ ಹಿಡಿದು ನಿಂತಿದ್ದರು.

"ಡಾಕ್ಟರ್ ಸಾಹೇಬ್ರ, ಇದು ನಿಮ್ಮದಲ್ರಿ," ಎಂದರು ಯಶವಂತರಾಯರು. "ನವಾಬರದ್ದೂ ಅಲ್ಲ. ಸಿಕಂದರಾಬಾದಿನ ಹಲ್ಲಿನ ಡಾಕ್ಟರದು. ಒಳಗ ಕೋಳಿ ಇತ್ತು. ಗೇರ್‌ಬಾಕ್ಸ್ ಸುದ್ದಾ ಒರಿಜಿನಲ್ ಅಲ್ಲ."

ವಾಸುದೇವ ಛತ್ರಿಯನ್ನು ನೆಲಕ್ಕೆ ಊರಿ ನಿಟ್ಟುಸಿರು ಬಿಟ್ಟರು.

"ಗೊತ್ತೈತ್ರಿ," ಎಂದರು ಡಾಕ್ಟರರು, ಇನ್ನೂ ಕಣ್ಣು ತೆರೆಯದೆ. "ನಮ್ಮದು ಕೆಂಪ ಇತ್ತು. ನವಾಬ ಯಾರು, ನಮ್ಮ ಅಬ್ಬಾ ರಸ್ತಾ ಗುತ್ತೇದಾರ."

"ಮತ್ತ ಇದೇ ಅಂದ್ರಿ?"

"ಅಬ್ಬಾ ಅದರಾಗ ಯಾರಿಗೂ ಕೂಡಗೊಡತಿದ್ದಿಲ್ಲ. ಮಕ್ಕಳಿಗೆ ಮುಟ್ಟಾಕೂ ನಕ್ಕೋ, ಬ್ಯಾಡಂದ್ರ ಬ್ಯಾಡ. ನಾ ಗೇಟಿನ ಹತ್ರ ನಿಂತು, ಒಳಗ ಕುಂತ್ರ ಹೆಂಗ ಇರಬಹುದು ಅಂತ ನೋಡತಿದ್ದೆ. ಆಮ್ಯಾಲ ಅದನ್ನ ಯಾರಿಗೋ ಕೊಟ್ರು, ಅಷ್ಟ. ನಾ ಅಂದಕೊಂಡಂಗ ಐತ್ರಿ ಇದು. ಅದಕ್ಕ ಇದೇ ಅಂದೆ." ಆಮೇಲೆ ಕಣ್ಣು ತೆರೆದರು. "ಒರಿಜಿನಲ್ ಮಾತು ಬಿಡ್ರಿ. ನನ್ನ ಎರಡೂ ಕಣ್ಣಿಂದು ಲೆನ್ಸ್ ಬದಲಾಗ್ಯಾವ. ಹೆಂಡತಿ ಮನ್ಯಾಗಿಂದ ಹೊರಗ ಹಾಕಿಲ್ಲ."

ವ್ಯವಹಾರ ಮುಗಿಯಿತು. ಸಿಕಂದರಾಬಾದಿನ ಹಲ್ಲಿನ ಡಾಕ್ಟರರಿಂದ ಹೊರಟ ಕಾರು ಮಲಕಪೇಟೆಯ ಕಣ್ಣಿನ ಡಾಕ್ಟರರಿಗೆ ಸೇರುವುದೆಂದು ನಿಶ್ಚಯವಾಯಿತು. ಆ ರಾತ್ರಿ ಊಟಕ್ಕೆ ಬಡಿಸುತ್ತಾ ಸುಭದ್ರಮ್ಮ ಕೇಳಿದರು:

"ಆ ದಿನಾ ಒಬ್ರ ಹೋಗಿ ಇಡ್ಲಿ ತಿಂದ್ರಲ್ಲ, ಹೆಂಗಿದ್ವು?"

"ಚಲೋ ಇದ್ವು."

"ಸುಳ್ಳು ಹೇಳಾಕ ಬರಂಗಿಲ್ಲ ನಿಮಗ."

"ಪಾರ್ಕಿಂಗ್ ಜಾಗಾ..." ಎಂದು ಯಶವಂತರಾಯರು ಶುರುಮಾಡಿದರು.

"ಹೌದು ಹೌದು. ಪಾರ್ಕಿಂಗ್," ಎಂದು ಸುಭದ್ರಮ್ಮ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಕೇಳದೆಯೇ ತುಪ್ಪ ಸುರಿದರು.

ಶುಕ್ರವಾರ ಬೆಳಿಗ್ಗೆ ಡಾಕ್ಟರರು ಬಂದರು. ಇವತ್ತು ನೀವೇ ಓಡಿಸಿರಿ, ನಾನು ಕೂರುತ್ತೇನೆ, ನಾಳೆಯಿಂದ ನನ್ನ ಅಳಿಯ ಓಡಿಸುತ್ತಾನೆ ಎಂದರು. ಸುಭದ್ರಮ್ಮ ಕೆಳಗಿಳಿದು ಬಂದು ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಹಸಿರು ಕಾರು ಅಂಬರಪೇಟೆ ದಾಟಿ, ಮೂಸಿ ನದಿಯ ಸೇತುವೆ ಹತ್ತಿ ಇಳಿದು, ಮಲಕಪೇಟೆಯ ಹಳೆಯ ಮನೆಗಳ ಓಣಿಗೆ ಬಂತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವನು ಮೈಲೇಜ್ ಎಷ್ಟು ಕೊಡುತ್ತದೆ ಎಂದು ವಿಚಾರಿಸಿದ.

ಮನೆಯ ಗೇಟಿನಲ್ಲಿ ಒಬ್ಬ ಅಜ್ಜಿ ಊರುಗೋಲು ಹಿಡಿದು ನಿಂತಿದ್ದರು. ಡಾಕ್ಟರರ ಅಕ್ಕ, ಅವರು ಆಪಾ ಎಂದು ಕರೆಯುತ್ತಿದ್ದವರು. ಕಾರು ನಿಂತದ್ದೇ ತಡ, ಅವರು ಊರುಗೋಲನ್ನು ಎತ್ತಿ ಗದರಿದರು:

"ಅಖ್ತರ್! ಉತರ್ ಜಾ! ಅಬ್ಬಾ ದೇಖ್ ಲೇಂಗೆ!"

ಇಳಿ, ಅಬ್ಬಾ ನೋಡಿಬಿಡುತ್ತಾರೆ. ಎಪ್ಪತ್ತು ದಾಟಿದ ಡಾಕ್ಟರರು ಬೆಚ್ಚಿಬಿದ್ದು ಬಾಗಿಲಿಗೆ ಕೈ ಹಾಕಿದರು. ಅಷ್ಟರಲ್ಲಿ ನೆನಪಾಗಿ ಕೈ ಹಿಂದೆಗೆದರು.

"ಆಪಾಗ ಒಂದೊಂದ ದಿನಾ ಎಲ್ಲಾ ನೆನಪಿರತೈತಿ," ಎಂದು ಯಶವಂತರಾಯರ ಕಿವಿಯಲ್ಲಿ ಹೇಳಿದರು. "ಒಂದೊಂದ ದಿನಾ ಅಬ್ಬಾ ಇನ್ನೂ ಇರತಾರ."

ಯಶವಂತರಾಯರು ಕಾರಿನಿಂದ ಇಳಿದರು. ಅಪಾರ್ಟ್‌ಮೆಂಟಿನವರಿಗೆ, ಭಾವಮೈದುನನಿಗೆ, ಸರ್ಕಾರಕ್ಕೆ, ಕೊನೆಗೆ ಕೊಳ್ಳುವವರಿಗೂ ನಿಜವನ್ನೇ ಹೇಳಿ ಬಂದ ಮನುಷ್ಯ ಆ ಅಜ್ಜಿಯ ಮುಂದೆ ನಿಂತು, ಬೀದರಿನ ತಮ್ಮ ಉರ್ದುವಿನಲ್ಲಿ, ತಡವರಿಸದೆ ಹೇಳಿದರು:

"ಆಪಾ, ಅಬ್ಬಾ ಇಜಾಜತ್ ದಿಯೇ." ಅಬ್ಬಾ ಒಪ್ಪಿಗೆ ಕೊಟ್ಟಿದ್ದಾರೆ.

ಅಜ್ಜಿ ಎತ್ತಿದ್ದ ಊರುಗೋಲನ್ನು ಇಳಿಸಿದರು.

"ಖುದ್ ಬೋಲೇ?" ಅವರೇ ಹೇಳಿದರೇ?

"ಹೌ, ಆಪಾ. ಖುದ್."

"ಮೇರೇಕು ಭೀ?" ನನಗೂ?

"ಆಪ್‌ಕು ಭೀ."

ಅಜ್ಜಿ ಊರುಗೋಲನ್ನು ಯಶವಂತರಾಯರ ಕೈಗೆ ಕೊಟ್ಟರು. ಅವರ ಭುಜ ಹಿಡಿದು, ಸೆರಗು ಸರಿಪಡಿಸಿಕೊಂಡು, ಸ್ಟಿಯರಿಂಗ್ ಮುಂದಿನ ಸೀಟಿನಲ್ಲಿ ಇಳಿದು ಕೂತರು. ತಮ್ಮನನ್ನು ಒಮ್ಮೆ ನೋಡಿದರು. ಆಮೇಲೆ ಹಾರ್ನ್ ಒತ್ತಿದರು. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಯಶವಂತರಾಯರ ಫೋನು ಬಡಿದುಕೊಂಡಿತು. ಸುಭದ್ರಮ್ಮ.

"ಕಾರ್ ಕೊಟ್ರೇನ್ರಿ?"

"ಕೊಟ್ಟೆ."

"ಮತ್ತ ಹೊರಡ್ರಲ್ಲ. ಅಡಗಿ ಆರಾಕತ್ತೈತಿ."

"ತಡಿ ಸ್ವಲ್ಪ. ಇಬ್ಬರೂ ಒಳಗ ಕುಂತಾರ. ಇಳಿಯೂ ಮುಂದ ಕೈ ಹಿಡಿಯಾಕ ಇಲ್ಲಿ ಯಾರೂ ಇಲ್ಲ."

"ಎಷ್ಟೊತ್ತಾಗತೈತಿ?"

ಯಶವಂತರಾಯರು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಾರಿನತ್ತ ನೋಡಿದರು. ಆಪಾ ಇನ್ನೊಮ್ಮೆ ಹಾರ್ನ್ ಒತ್ತಿದರು. ಡಾಕ್ಟರರು ಬಾಗಿಲ ಮೇಲೆ ಮೊಣಕೈ ಊರಿ, ಓಣಿಯಲ್ಲಿ ಹೋಗುವವರಿಗೆಲ್ಲ ಸಲಾಮು ಮಾಡುತ್ತಿದ್ದರು.

"ಹೇಳಾಕ ಬರಂಗಿಲ್ಲ," ಎಂದರು. "ನೀ ಊಟ ಮಾಡು."